ಶ್ವಾಸಕೋಶದ ಗಂಟು: ಸಿ.ಟಿ. ಎಷ್ಟು ಹೇಳಬಲ್ಲದು?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಬೇರೆ ಕಾರಣಕ್ಕೆ ಮಾಡಿಸಿದ ಸಿ.ಟಿ. ಸ್ಕ್ಯಾನ್‌ನಲ್ಲಿ ಬಲ ಶ್ವಾಸಕೋಶದಲ್ಲಿ 9 ಮಿ.ಮೀ. ‘ಗ್ರೌಂಡ್ ಗ್ಲಾಸ್’ ಗಂಟು ಕಂಡಿದೆ. ಗಟ್ಟಿ ಭಾಗ ಇಲ್ಲ ಎಂದು ವರದಿಯಲ್ಲಿದೆ. ಡಾಕ್ಟರ್ ಆರು ತಿಂಗಳ ನಂತರ ಮತ್ತೆ ಸ್ಕ್ಯಾನ್ ಮಾಡೋಣ ಎಂದಿದ್ದಾರೆ. ಅಲ್ಲಿಯವರೆಗೆ ಸುಮ್ನೆ ಕಾಯಬೇಕಾ? ಸ್ಪೆಕ್ಟ್ರಲ್ ಸಿ.ಟಿ. ಮಾಡಿಸಿದರೆ ಕ್ಯಾನ್ಸರ್ ಆರಂಭದ್ದೋ, ಒಳಗೆ ನುಗ್ಗಿದ್ದೋ ಗೊತ್ತಾಗುತ್ತದಂತೆ. ಮಾಡಿಸಲೇ?

ಉತ್ತರ: ನಿಮ್ಮ ಡಾಕ್ಟರ್ ಸರಿಯಾಗಿಯೇ ಹೇಳಿದ್ದಾರೆ. ಗ್ರೌಂಡ್ ಗ್ಲಾಸ್ ಎಂದರೆ ಸ್ಕ್ಯಾನ್‌ನಲ್ಲಿ ತೆಳು ಮಂಜಿನಂತೆ ಕಾಣುವ ಜಾಗ. ಸೋಂಕಿನಿಂದಲೂ ಹೀಗಾಗುತ್ತದೆ, ಅಂಥದ್ದು ಕೆಲವು ತಿಂಗಳಲ್ಲಿ ತಾನಾಗಿಯೇ ಮಾಯವಾಗುತ್ತದೆ.

ಮಾಯವಾಗದಿದ್ದರೆ? ಆಗ ರೇಡಿಯಾಲಜಿಸ್ಟ್ ಹುಡುಕುವುದು ಮಂಜಿನೊಳಗಿನ ಗಟ್ಟಿ ಭಾಗವನ್ನು. ಕ್ಯಾನ್ಸರ್ ಕೋಶಗಳು ಗಾಳಿಚೀಲಗಳ ಗೋಡೆಗುಂಟ ಮಾತ್ರ ಬೆಳೆದರೆ ಒಳಗೆ ಗಾಳಿ ಉಳಿದಿರುತ್ತದೆ, ಮಂಜಾಗಿಯೇ ಕಾಣುತ್ತದೆ. ಗೋಡೆ ದಾಟಿ ನುಗ್ಗಿದರೆ ಆ ಜಾಗ ಸಾಮಾನ್ಯವಾಗಿ ಬಿಳಿಯಾಗುತ್ತದೆ, ಅದೇ ಗಟ್ಟಿ ಭಾಗ. 3 ಸೆಂ.ಮೀ. ಮೀರದ ಗಂಟಿನಲ್ಲಿ ನುಗ್ಗಿದ ಭಾಗ 5 ಮಿ.ಮೀ. ಒಳಗಿದ್ದರೆ, ಪೂರ್ತಿ ತೆಗೆದ ಮೇಲೆ ಬಹುತೇಕ ಎಲ್ಲರೂ ಗುಣವಾಗುತ್ತಾರೆ. ಆದರೆ ಗಾಯದ ಕಲೆ, ಕುಸಿದ ಗಾಳಿಚೀಲಗಳೂ ಬಿಳಿಯಾಗಿ ಕಾಣಬಹುದು. ಹಾಗಾಗಿ ಕೊನೆಯ ಮಾತು ಮೈಕ್ರೋಸ್ಕೋಪಿನಲ್ಲಿ ನೋಡುವ ಪೆಥಾಲಜಿಸ್ಟ್‌ರದ್ದೇ.

ಸ್ಪೆಕ್ಟ್ರಲ್ ಸಿ.ಟಿ. ಬೇರೆ ಬೇರೆ ಶಕ್ತಿಯ ಎಕ್ಸ್-ರೇ ಮಾಹಿತಿಯನ್ನು ಬೇರ್ಪಡಿಸಿ, ಸ್ಕ್ಯಾನ್‌ಗೆ ಮುನ್ನ ನರಕ್ಕೆ ಚುಚ್ಚುವ ದ್ರವದಲ್ಲಿನ ಅಯೋಡಿನ್ ಅನ್ನು ಗಂಟು ಎಷ್ಟು ಹೀರುತ್ತದೆ ಎಂದು ತೋರಿಸುತ್ತದೆ. ಒಳ್ಳೆಯ ಸುಳಿವೇ. ಆದರೆ ಆರಂಭದ ಗಂಟು, ಒಳಗೆ ನುಗ್ಗಿದ ಗಂಟು ಎರಡರಲ್ಲೂ ಎಷ್ಟೋ ಸಲ ಒಂದೇ ತರಹದ ಅಳತೆ ಬರುತ್ತದೆ. ಅದೊಂದನ್ನೇ ನಂಬಿ ಆಪರೇಷನ್ ನಿರ್ಧರಿಸಲಾಗದು. ಈಗಲೇ ಅದಕ್ಕಾಗಿ ಓಡಬೇಡಿ. ಪೆಟ್ ಸ್ಕ್ಯಾನ್ ಕೂಡ ಬೇಡ, ಇಷ್ಟು ಚಿಕ್ಕ ಮಂಜುಗಂಟು ಅದರಲ್ಲಿ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ನನ್ನ ಪ್ರಕಾರ ನೀವು ಕೇಳಲೇಬೇಕಾದ್ದು ಬೇರೆ: ಸ್ಕ್ಯಾನ್‌ನ ಸ್ಲೈಸ್ (ಒಂದೊಂದು ಚಿತ್ರ ತೋರಿಸುವ ದೇಹದ ಪದರ) ಎಷ್ಟು ದಪ್ಪ? 5 ಮಿ.ಮೀ. ಸ್ಲೈಸ್‌ನಲ್ಲಿ ಪುಟ್ಟ ಗಟ್ಟಿ ಭಾಗ ಮಂಜಿನೊಳಗೆ ಕರಗಿಹೋಗುತ್ತದೆ. 1.5 ಮಿ.ಮೀ. ಅಥವಾ ಅದಕ್ಕಿಂತ ತೆಳು ಇರಬೇಕು. ಎಷ್ಟೋ ಸಲ ತೆಳು ಚಿತ್ರಗಳು ಯಂತ್ರದಲ್ಲೇ ಉಳಿದು, ಕೈಗೆ ದಪ್ಪದ್ದು ಮಾತ್ರ ಬರುತ್ತದೆ. ಅವನ್ನೂ ಸಿ.ಡಿ.ಯಲ್ಲಿ ಕೇಳಿ ಪಡೆಯಿರಿ.

ಎದೆಯ ಸ್ಕ್ಯಾನ್ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಫ್ಲೈಶ್ನರ್ ಸೊಸೈಟಿಯ 2017ರ ಸಲಹೆಯಂತೆ, 6 ಮಿ.ಮೀ. ಅಥವಾ ದೊಡ್ಡದಾದ ಶುದ್ಧ ಮಂಜುಗಂಟಿಗೆ 6ರಿಂದ 12 ತಿಂಗಳಲ್ಲಿ ಮರುಸ್ಕ್ಯಾನ್. ಹಾಗೆಯೇ ಉಳಿದರೆ ಎರಡು ವರ್ಷಕ್ಕೊಮ್ಮೆಯಂತೆ ಐದು ವರ್ಷದವರೆಗೆ. ಗಟ್ಟಿ ಭಾಗ ಹೊಸದಾಗಿ ಮೂಡಿದರೆ ಅಥವಾ ಗಂಟು ಬೆಳೆದರೆ ಬಯಾಪ್ಸಿ, ಆಪರೇಷನ್ ಮಾತು ಬರುತ್ತದೆ. ತಾಯಿಗೆ ಹಿಂದೆ ಯಾವುದೇ ಕ್ಯಾನ್ಸರ್ ಆಗಿದ್ದರೆ ಈ ಲೆಕ್ಕ ಅನ್ವಯಿಸದು. ಅದನ್ನು ಡಾಕ್ಟರಿಗೆ ಈಗಲೇ ತಿಳಿಸಿ.