ದಪ್ಪ ಕನ್ನಡ ಫಾಂಟ್ ಲ್ಯಾಪ್‌ಟಾಪಿನಲ್ಲಿ ಚೆಂದ, ಫೋನಿನಲ್ಲಿ ಕಪ್ಪು ಮುದ್ದೆ: ಜಾಹೀರಾತಿಗೆ ಯಾವುದನ್ನು ಆರಿಸಲಿ?

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯಗಳಿವೆ. ಇನ್‌ಸ್ಟಾಗ್ರಾಂ, ಯೂಟ್ಯೂಬ್ ಮತ್ತು ವೆಬ್‌ಸೈಟ್ ಪ್ರಚಾರಕ್ಕೆ ಯಾವ ದಪ್ಪ ಡಿಸ್‌ಪ್ಲೇ ಫಾಂಟ್ (ತಲೆಬರಹಕ್ಕೆಂದೇ ಬಳಸುವ ಫಾಂಟ್) ಹಿಡಿಯಬೇಕು ಎನ್ನುವುದು ಒಂದು. ಲ್ಯಾಪ್‌ಟಾಪಿನಲ್ಲಿ ಎದ್ದು ಕಾಣುವ ತಲೆಬರಹ ಫೋನಿನಲ್ಲಿ ಏಕೆ ಮುದ್ದೆಯಾಗುತ್ತದೆ ಎನ್ನುವುದು ಇನ್ನೊಂದು. ಎರಡನೆಯದು ಅರ್ಥವಾದರೆ ಮೊದಲನೆಯದು ಬಹುಪಾಲು ತಾನಾಗಿಯೇ ಬಗೆಹರಿಯುತ್ತದೆ, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಡಿಸ್‌ಪ್ಲೇ ಫಾಂಟಿನ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಲಿಪಿಗೆ ಬರೆದವು. ಅಲ್ಲಿ ಕ್ಯಾಪಿಟಲ್ ಅಕ್ಷರಗಳನ್ನು ಜೋಡಿಸಿದರೆ ಎಲ್ಲವೂ ಒಂದೇ ಎತ್ತರಕ್ಕೆ ನಿಲ್ಲುತ್ತವೆ, ಸಾಲಿನ ಕೆಳಗೆ ಹೆಚ್ಚೇನೂ ಇಳಿಯುವುದಿಲ್ಲ. ನಮ್ಮಲ್ಲಿ ಮೇಲೆ ತಲೆಕಟ್ಟು ಮತ್ತು ಗುಡಿಸು, ಬಲಕ್ಕೆ ದೀರ್ಘ, ಕೆಳಗೆ ಒತ್ತು. ಅಕ್ಷರವನ್ನು ದಪ್ಪ ಮಾಡಿದಾಗ ಗೆರೆ ಹೊರಕ್ಕಷ್ಟೇ ಅಲ್ಲ, ಒಳಕ್ಕೂ ಬೆಳೆಯುತ್ತದೆ. ಹಾಗಾಗಿ ಮೊದಲು ಮುಚ್ಚಿಹೋಗುವುದು ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗ. ದ-ಧ, ಡ-ಢ, ಬ-ಭ, ಪ-ಫ ಜೋಡಿಗಳನ್ನು ಬೇರೆ ಮಾಡುವುದು ಕೆಳಗಿನ ಒಂದು ಸಣ್ಣ ಸೀಳು. ಪ ಮತ್ತು ಷ ನಡುವೆ ಇರುವುದು ಒಳಗಿನ ಒಂದು ಗೆರೆ. ಇವು ಮುಚ್ಚಿಕೊಂಡರೆ ಪದವೇ ಬದಲಾಗುತ್ತದೆ. ಒತ್ತಕ್ಷರವಂತೂ ಮೂಲ ಅಕ್ಷರಕ್ಕಿಂತ ಚಿಕ್ಕದು, ಆದ್ದರಿಂದ ಅದು ಇನ್ನೂ ಬೇಗ ಕಟ್ಟಿಕೊಳ್ಳುತ್ತದೆ.

ಅದಕ್ಕೇ ಫಾಂಟಿನ ಮಾದರಿ ಚಿತ್ರ ನೋಡಿ ಆರಿಸಬೇಡಿ. ಅಲ್ಲಿ ಚೆಂದ ಕಾಣುವ ಪದಗಳನ್ನೇ ಹಾಕಿರುತ್ತಾರೆ. ‘ರಾಷ್ಟ್ರೀಯ, ಸ್ವಾತಂತ್ರ್ಯ, ಲಕ್ಷ್ಮಿ, ವಿಜ್ಞಾನ, ಖರ್ಚು, ಧೈರ್ಯ, ಫಲ, ಢಕ್ಕೆ’ ಎಂದು ಬರೆದು ನೋಡಿ. ಎರಡೆರಡು ಒತ್ತು, ಅರ್ಕಾವೊತ್ತು, ಸೀಳು ಎಲ್ಲವೂ ಇದರಲ್ಲಿ ಬಂದುಬಿಡುತ್ತವೆ. ಆಮೇಲೆ ನಿಮ್ಮ ನಿಜವಾದ ತಲೆಬರಹವನ್ನೇ ಹಾಕಿ, ಫೋನಿಗೆ ಕಳಿಸಿ, ಕೈ ಚಾಚಿದಷ್ಟು ದೂರದಿಂದ ಓದಿ.

ಅಳತೆಯ ಲೆಕ್ಕ ಸುಲಭ. 1080 ಪಿಕ್ಸೆಲ್ ಅಗಲದ ಪೋಸ್ಟ್ ಸಾಮಾನ್ಯ ಫೋನಿನಲ್ಲಿ ಪರದೆಯ ಅಳತೆಯ ಸುಮಾರು 360 ಘಟಕಗಳ ಅಗಲಕ್ಕೆ ಇಳಿಯುತ್ತದೆ, ಅಂದರೆ ಮೂರನೇ ಒಂದಕ್ಕೆ. ನೀವು 60 ಪಿಕ್ಸೆಲ್ ಇಟ್ಟ ಅಕ್ಷರ ನೋಡುಗರಿಗೆ 20. ನಾನಾದರೆ ಕನ್ನಡ ತಲೆಬರಹವನ್ನು 1080ರ ಚಿತ್ರದಲ್ಲಿ 80ಕ್ಕಿಂತ ಕೆಳಗೆ ಇಳಿಸುವುದಿಲ್ಲ, ಉಪಸಾಲನ್ನು 45ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಯೂಟ್ಯೂಬ್ ಥಂಬ್‌ನೇಲ್ ಇನ್ನೂ ಕಠಿಣ. 1280×720ರ ಚಿತ್ರ ಪಕ್ಕದ ಪಟ್ಟಿಯಲ್ಲಿ 160-170ರ ಅಗಲಕ್ಕೆ ಕುಗ್ಗುತ್ತದೆ. ಎಂಟನೇ ಒಂದು! ಅಲ್ಲಿ ಮೂರು-ನಾಲ್ಕು ಪದ ಸಾಕು, ಅಕ್ಷರ 120ಕ್ಕಿಂತ ಮೇಲಿರಲಿ, ಕೆಳಗಿನ ಬಲಮೂಲೆ ಖಾಲಿ ಇರಲಿ, ಏಕೆಂದರೆ ವಿಡಿಯೊದ ಅವಧಿ ಅಲ್ಲಿಯೇ ಬಂದು ಕೂರುತ್ತದೆ. 1080×1920ರ ಸ್ಟೋರಿಯಲ್ಲಿ ಮೇಲಿನ 14 ಶೇಕಡ, ಕೆಳಗಿನ 20 ಶೇಕಡ ಜಾಗದಲ್ಲಿ ಏನನ್ನೂ ಬರೆಯಬೇಡಿ. ಅಲ್ಲಿ ಖಾತೆಯ ಹೆಸರು, ಬಟನ್ ಬರುತ್ತವೆ.

ಜಾಗ ಸಾಲದಿದ್ದರೆ ಅಕ್ಷರ ಕುಗ್ಗಿಸುವ ಬದಲು ಪದ ಕತ್ತರಿಸಿ. ‘ನೋಂದಾಯಿಸಿಕೊಳ್ಳಬಹುದಾಗಿದೆ’ ಎನ್ನುವುದು ಒಂದೇ ಪದ, ಯಾವ ದಪ್ಪ ಫಾಂಟೂ ಅದನ್ನು ಕಾಪಾಡಲಾರದು. ‘ನೋಂದಾಯಿಸಿ’ ಎಂದರೆ ಮುಗಿಯಿತು.

ಈಗ ಹೆಸರುಗಳು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವವುಗಳಲ್ಲಿ ನನ್ನ ಮೊದಲ ಆಯ್ಕೆ ಅನೇಕ್ ಕನ್ನಡ. ಅದು ವೇರಿಯಬಲ್ ಫಾಂಟ್. ದಪ್ಪ (ಸಂಖ್ಯೆ ಹೆಚ್ಚಿದಷ್ಟೂ ಗೆರೆ ದಪ್ಪ) 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ ಬೇಕಾದಂತೆ ಹೊಂದಿಸಬಹುದು. ಉದ್ದ ಪದ ಬಂದರೆ ಅಗಲ 85ಕ್ಕೆ ಇಳಿಸಿ. ಚಿತ್ರವನ್ನು ಎಳೆದು ಅಕ್ಷರ ಸಪೂರ ಮಾಡುವ ಅಡ್ಡದಾರಿ ಬೇಡ. ಇದೇ ಕುಟುಂಬದಲ್ಲಿ ತಮಿಳು, ತೆಲುಗು, ದೇವನಾಗರಿ ಸೇರಿ ಒಟ್ಟು ಹತ್ತು ಲಿಪಿಗಳಿವೆ, ಹಲವು ಭಾಷೆಯ ಪ್ರಚಾರಕ್ಕೆ ಒಂದೇ ಮುಖ ಸಿಗುತ್ತದೆ. ದುಂಡಗಿನ, ಸಲಿಗೆಯ ದನಿ ಬೇಕಾದರೆ ಬಲೂ ತಮ್ಮ 2. ಗಂಭೀರವಾಗಿರಬೇಕಾದರೆ ನೋಟೊ ಸ್ಯಾನ್ಸ್ ಕನ್ನಡ, ಅದರಲ್ಲಿ 900ರವರೆಗೂ ದಪ್ಪ ಇದೆ. ಆದರೆ ದೊಡ್ಡ ಸಂಖ್ಯೆ ಇದೆಯೆಂದು ಅಲ್ಲಿಗೇ ಹೋಗಬೇಡಿ, ಕನ್ನಡದಲ್ಲಿ 700 ಅನೇಕ ಸಲ 900ಕ್ಕಿಂತ ಜೋರಾಗಿ ಕೇಳಿಸುತ್ತದೆ. ಪಡ್ಯಕ್ಕೆ ಎಕ್ಸ್‌ಪ್ಯಾಂಡೆಡ್ ಒನ್ ಬಹಳ ಅಗಲದ ಫಾಂಟ್, ಒಂದೆರಡು ಪದಕ್ಕಷ್ಟೇ ಸರಿ.

ಒಂದು ಪ್ರಚಾರಕ್ಕೆ ಒಂದೇ ಡಿಸ್‌ಪ್ಲೇ ಫಾಂಟ್ ಸಾಕು. ವಿವರಕ್ಕೆ ಸಾದಾ ಫಾಂಟ್ 400ರಲ್ಲಿ. ಎಲ್ಲವೂ ದಪ್ಪವಾದರೆ ಯಾವುದೂ ದಪ್ಪವಾಗಿ ಕಾಣದು.

ಸಾಲುಗಳ ಅಂತರದಲ್ಲಿ ಎಲ್ಲರೂ ಎಡವುತ್ತಾರೆ. ಇಂಗ್ಲಿಷ್ ತಲೆಬರಹಕ್ಕೆ ಅಕ್ಷರದ ಅಳತೆಯ 1.0 ಪಟ್ಟು ಸಾಕು, ಕನ್ನಡಕ್ಕೆ 1.3ರಿಂದ ಶುರು ಮಾಡಿ, ಎರಡು ಒತ್ತು ಬಂದರೆ 1.5 ಬೇಕಾಗಬಹುದು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕೆಲವೊಮ್ಮೆ ಪದಗಳ ಜಾಗ ಅದಲುಬದಲು ಮಾಡಿದರೆ ಸಾಕು, ಒತ್ತಿನ ಕೆಳಗೆ ಗುಡಿಸು ಬರುವುದು ತಪ್ಪುತ್ತದೆ. ಬಟನ್ನಿನಲ್ಲೂ ಇದೇ ಕಾಯಿಲೆ: ಎತ್ತರ ಕಟ್ಟಿಹಾಕಿದ ಪೆಟ್ಟಿಗೆಯಲ್ಲಿ ‘ಕ್ಲಿಕ್ ಮಾಡಿ’ ಎಂದು ಬರೆದರೆ ಲ-ಒತ್ತಿನ ಬಾಲ ಕತ್ತರಿಸಿಹೋಗುತ್ತದೆ. ಎತ್ತರ ನಿಗದಿ ಮಾಡದೆ ಮೇಲೆ ಕೆಳಗೆ ಪ್ಯಾಡಿಂಗ್, ಅಂದರೆ ಖಾಲಿ ಜಾಗ, ಕೊಡಿ.

ಫೋಟೊಶಾಪ್, ಇಲ್ಲಸ್ಟ್ರೇಟರ್‌ನಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಬಂದರೆ ಫಾಂಟಿನ ತಪ್ಪೆಂದು ತೀರ್ಮಾನಿಸಬೇಡಿ. ತಂತ್ರಾಂಶದಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಕಂಪೋಸರ್, ಅಂದರೆ ಅಕ್ಷರ ಜೋಡಿಸುವ ವ್ಯವಸ್ಥೆ, ಆಯ್ಕೆಯಾಗಿದೆಯೇ ನೋಡಿ. ನುಡಿ, ಬರಹದ ಹಳೆಯ ಯೂನಿಕೋಡ್ ಅಲ್ಲದ ಫಾಂಟುಗಳನ್ನು ಚಿತ್ರದೊಳಗೆ ಬಳಸಬಹುದು, ಆದರೆ ಅದೇ ಪಠ್ಯವನ್ನು ಜಾಹೀರಾತಿನ ಶೀರ್ಷಿಕೆಗೋ ವೆಬ್ ಪುಟಕ್ಕೋ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಸ ಬರುತ್ತದೆ.

ಔಟ್‌ಲೈನ್ ಕೊಡುವಾಗ ಅಕ್ಷರದೊಳಗೆ ಅಡ್ಡಗೆರೆ ಕಂಡರೆ ಅದು ವೇರಿಯಬಲ್ ಫಾಂಟಿನ ತುಂಡುಗಳು ಒಂದರ ಮೇಲೊಂದು ಬಿದ್ದಿರುವುದರಿಂದ. ಇಲ್ಲಸ್ಟ್ರೇಟರ್‌ನಲ್ಲಿ ಅಕ್ಷರವನ್ನು ಆಕೃತಿಯಾಗಿಸಿ, ಪಾಥ್‌ಫೈಂಡರ್‌ನಿಂದ ಒಂದುಗೂಡಿಸಿ, ಆಮೇಲೆ ಗೆರೆ ಕೊಡಿ. ಗೆರೆ ಹೊರಬದಿಗಿರಲಿ, ನಡುವಿಗಿಟ್ಟರೆ ಅರ್ಧ ಒಳಕ್ಕೆ ನುಗ್ಗಿ ಮತ್ತೆ ಆ ಸೀಳುಗಳನ್ನೇ ಮುಚ್ಚುತ್ತದೆ.

ವೆಬ್ ಪುಟದಲ್ಲಿ ಇನ್ನೊಂದು ಮೋಸವಿದೆ. ಫಾಂಟಿನ 400 ಮಾತ್ರ ಸೇರಿಸಿ, ಸಿಎಸ್‌ಎಸ್‌ನಲ್ಲಿ (ಪುಟದ ವಿನ್ಯಾಸ ಹೇಳುವ ಕೋಡ್‌ನಲ್ಲಿ) 800 ಕೇಳಿದರೆ ಬ್ರೌಸರ್ ತಾನೇ ಗೆರೆಗೆ ಮಸಿ ಬಳಿದು ಹುಸಿ ದಪ್ಪ ತಯಾರಿಸುತ್ತದೆ. ಒತ್ತುಗಳು ಕಟ್ಟಿಕೊಳ್ಳುವುದಕ್ಕೆ ಇದೊಂದು ಸಾಮಾನ್ಯ ಕಾರಣ. ಬೇಕಾದ ದಪ್ಪದ ಕಡತವನ್ನೇ ವೆಬ್‌ಗೆಂದೇ ಇರುವ ವಾಫ್2 (WOFF2) ರೂಪದಲ್ಲಿ ಸೇರಿಸಿ. ಕಡತ ಚಿಕ್ಕದಾಗಲೆಂದು ಬೇಡದ ಅಕ್ಷರಗಳನ್ನು ತೆಗೆಯುವವರು ಓಪನ್‌ಟೈಪ್ ನಿಯಮಗಳನ್ನೂ (ಅಕ್ಷರಗಳು ಹೇಗೆ ಕೂಡಬೇಕೆಂದು ಫಾಂಟಿನೊಳಗೆ ಬರೆದಿರುವ ಸೂಚನೆಗಳು) ಶೂನ್ಯ ಅಗಲದ ಬೇರ್ಪಡಿಸುವ ಚಿಹ್ನೆಯನ್ನೂ ಉಳಿಸಿಕೊಳ್ಳಬೇಕು. ನಿಯಮಗಳು ಹೋದರೆ ಒತ್ತೇ ಮೂಡುವುದಿಲ್ಲ. ಆ ಚಿಹ್ನೆ ತಪ್ಪಿದರೆ ‘ಸಾಫ್ಟ್‌ವೇರ್’ನಲ್ಲಿ ‘ಫ್ಟ್’ಗೆ ‘ವ’ ಒತ್ತಾಗಿ ಅಂಟಬಹುದು.

ಬಣ್ಣದ ವಿಷಯ ಚಿಕ್ಕದು. ದೊಡ್ಡ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 3:1 ಹೊಳಪಿನ ವ್ಯತ್ಯಾಸ, ಸಣ್ಣ ಅಕ್ಷರಕ್ಕೆ 4.5:1. ಕೆಂಪು ಅಕ್ಷರದ ಚಿತ್ರವನ್ನು ಪಿಎನ್‌ಜಿಯಲ್ಲೇ ಉಳಿಸಿ, ಜೆಪೆಗ್‌ನಲ್ಲಿ ಅಂಚು ಮಸುಕಾಗುತ್ತದೆ. ಶೇಕಡ ರಿಯಾಯಿತಿ ಬರೆಯುವಾಗ ಕನ್ನಡದ ೦ ಮತ್ತು ಅನುಸ್ವಾರ ಒಂದೇ ಥರ ಕಾಣುತ್ತವೆ, ಹಾಗಾಗಿ 0-9 ಅಂಕಿಗಳೇ ಮೇಲು. ಆ ಅಂಕಿಗಳ ದಪ್ಪ ಕನ್ನಡದ ದಪ್ಪಕ್ಕೆ ಹೊಂದುತ್ತದೆಯೇ ನೋಡಿಕೊಳ್ಳಿ.

ಪರವಾನಗಿ ಮರೆಯಬೇಡಿ. ಮೇಲೆ ಹೇಳಿದ ನಾಲ್ಕೂ ಓಪನ್ ಫಾಂಟ್ ಲೈಸೆನ್ಸ್‌ನವು, ವ್ಯಾಪಾರದ ಜಾಹೀರಾತಿಗೆ ಧಾರಾಳವಾಗಿ ಬಳಸಬಹುದು. ಹಣ ಕೊಟ್ಟು ತಂದ ಫಾಂಟಾದರೆ ಡೆಸ್ಕ್‌ಟಾಪ್, ವೆಬ್, ಆ್ಯಪ್, ಡಿಜಿಟಲ್ ಜಾಹೀರಾತು ಇವಕ್ಕೆಲ್ಲ ಬೇರೆ ಬೇರೆ ಅನುಮತಿ ಇರುವುದುಂಟು. ಕೊಂಡ ಪತ್ರದಲ್ಲಿ ಯಾವುದಕ್ಕೆ ಎಂದು ಬರೆದಿದೆಯೋ ಅದಕ್ಕೆ ಮಾತ್ರ ಬಳಸಿ.