ಉಂಡ ಮನೆಯ ಜಂತಿ ಎಣಿಸಿದವನು

ಸುರಪುರದ ಗೆಳೆಯರಿಗೆ, ಕಲಬುರಗಿಯಿಂದ ನಮಸ್ಕಾರ.

ನಿಮ್ಮ ಕಥೆ ಎರಡು ಸಲ ಓದಿದೆ. ಹಿಟ್ಲರನ ವಿದೇಶಾಂಗ ಕಚೇರಿಯಲ್ಲಿ ಇದ್ದುಕೊಂಡೇ ಅಮೆರಿಕದವರಿಗೆ ಗುಟ್ಟು ಮುಟ್ಟಿಸಿದ ಫ್ರಿಟ್ಸ್ ಕೋಲ್ಬೆಯ ಕಥೆ. ವಿಷಯ ಬಹಳ ಚಲೋ ಆರಿಸಿದ್ದೀರಿ. ಆದರೆ ಈಗ ಇರುವ ಹಾಗೆ ನಮ್ಮ ಮಾಸಪತ್ರಿಕೆಯಲ್ಲಿ ಹಾಕಲಾರೆ. ಯಾಕೆ ಅಂತ ಬಿಚ್ಚಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಮೂರು ಪುಟ ಎರಡನೇ ಮಹಾಯುದ್ಧದ ಪಾಠ. ತೆಗೆದುಬಿಡಿ. ನಾಲ್ಕನೇ ಪುಟದಲ್ಲಿ ಕೋಲ್ಬೆಯ ಕೈಗೆ ಪಿಸ್ತೂಲು ಕೊಟ್ಟು ಕಾಂಪೌಂಡು ಹಾರಿಸಿದ್ದೀರಿ. ಅವನ ಧೈರ್ಯ ಇದ್ದದ್ದು ಅಲ್ಲಿ ಅಲ್ಲ. ಅವನು ಕಾಗದದ ಮನುಷ್ಯ. ಹೊರದೇಶಗಳಿಂದ ಬರುವ ತಂತಿಗಳನ್ನು ಓದಿ ಕಾರ್ಲ್ ರಿಟ್ಟರ್ ಎಂಬ ಮೇಲಧಿಕಾರಿಗೆ ಆರಿಸಿ ಕೊಡಬೇಕು, ಕೆಲಸ ಮುಗಿದವನ್ನು ನಾಶ ಮಾಡಬೇಕು. ಹಾಗೆ ಹಾಳು ಮಾಡಬೇಕಾದ ಕಾಗದವನ್ನು ಎತ್ತಿಟ್ಟುಕೊಂಡನಲ್ಲ, ನಿಮ್ಮ ಕಥೆ ಇರುವುದು ಆ ಟೇಬಲ್ಲಿನ ಮೇಲೆ.

1943ರ ಆಗಸ್ಟಿನಲ್ಲಿ ಸರಕಾರಿ ಟಪಾಲು ಒಯ್ಯುವವನಾಗಿ ಸ್ವಿಟ್ಜರ್ಲೆಂಡಿನ ಬರ್ನ್‌ಗೆ ಹೋದ. ಕಾಗದ ತೊಡೆಗೆ ಕಟ್ಟಿಕೊಂಡಿದ್ದ ಅಂತ ನೀವು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ. ಬೆವರಿಗೆ ಕಾಗದ ಮೆತ್ತಗಾಗುತ್ತದೆ. ಹುರಿ ಒತ್ತುತ್ತದೆ. ಎದ್ದು ನಿಂತರೆ ಸಪ್ಪಳ ಬಂತೇನೋ ಅಂತ ಎದೆ ಹೊಡೆದುಕೊಳ್ಳುತ್ತದೆ. ಸೊಂಟಕ್ಕೆ ದುಡ್ಡು ಕಟ್ಟಿಕೊಂಡು ಮೇ ತಿಂಗಳಲ್ಲಿ ಯಾದಗಿರಿ ಬಸ್ಸು ಹತ್ತಿದವರನ್ನು ಕೇಳಿ, ಹೇಳುತ್ತಾರೆ. ಅದನ್ನು ಒಂದು ಪುಟ ಬರೆಯಿರಿ.

ಬ್ರಿಟಿಷರು ಅವನನ್ನು ನಂಬದೆ ವಾಪಸ್ ಕಳಿಸಿದ್ದನ್ನು ಬಿಟ್ಟೇಬಿಟ್ಟಿದ್ದೀರಿ! ಜೀವ ಕೈಯಲ್ಲಿ ಹಿಡಿದುಕೊಂಡು ಬಂದವನಿಗೆ ಬಾಗಿಲು ಮುಚ್ಚಿತು. ಆಮೇಲೆ ಬರ್ನ್‌ನಲ್ಲಿ ಅಮೆರಿಕದ ಬೇಹುಗಾರಿಕೆ ನೋಡಿಕೊಳ್ಳುತ್ತಿದ್ದ ಅಲೆನ್ ಡಲ್ಲೆಸ್ ಸಿಕ್ಕಿದ್ದು. ಯುದ್ಧ ಮುಗಿಯುವ ಹೊತ್ತಿಗೆ ಕೋಲ್ಬೆ ಮುಟ್ಟಿಸಿದ್ದು ಸುಮಾರು 1,600 ದಾಖಲೆ. ಡಲ್ಲೆಸ್ ಮುಂದೆ ನೀವು ಅವನಿಂದ ಮಾಡಿಸಿದ ಭಾಷಣ ಜಾಸ್ತಿಯಾಯಿತು. ನಾಝಿ ಪಕ್ಷ ಸೇರಲಿಲ್ಲ, ಕೊಟ್ಟ ಸುದ್ದಿಗೆ ದುಡ್ಡು ಬೇಡ ಅಂದ. ಇಷ್ಟು ಸಾಕು.

ನನಗೆ ಎಲ್ಲಕ್ಕಿಂತ ಕೊರತೆ ಅನಿಸಿದ್ದು ಬೇರೆ. ಉಂಡ ಮನೆಯ ಜಂತಿ ಎಣಿಸಬಾರದು ಅಂತಾರೆ ನಮ್ಮ ಹಿರಿಯರು. ಕೋಲ್ಬೆ ಎಣಿಸಿದ. ಅವನು ಕೊಟ್ಟ ಸುದ್ದಿಯಿಂದ ಬಾಂಬು ಬಿದ್ದರೆ ಸಾಯುವವರು ಅವನ ಊರಿನವರೇ, ಅಲ್ವಾ? ರಾತ್ರಿ ಅವನಿಗೆ ನಿದ್ದೆ ಹೇಗೆ ಬಂತು? ನೀವು ಆ ಕಡೆ ತಲೆಯೇ ಹಾಕಿಲ್ಲ. ಆದರೆ ನೀವು ಇರುವ ನೆಲ 1948ರ ಸೆಪ್ಟೆಂಬರಿನ ತನಕ ನಿಜಾಮನ ಕೈಯಲ್ಲಿತ್ತು. ಸಂಬಳ ನಿಜಾಮನದು, ಮನಸ್ಸು ಚಳವಳಿಯದು. ಹಾಗೆ ಬದುಕುವುದು ಎಂಥದ್ದು ಅಂತ ಮನೆಯ ಹಿರಿಯರ ಹತ್ತಿರ ಕೂತು ಕೇಳಿ. ಅವರ ಮಾತನ್ನು ಕಥೆಗೆ ತುರುಕಬೇಡಿ. ಕೋಲ್ಬೆಯ ಮುಖ ನಿಮಗೆ ಕಾಣಿಸಲಿ ಅಂತ ಕೇಳಿ, ಅಷ್ಟೇ.

ಇನ್ನು, 1945ರ ಗೆಲುವಿಗೆ ಕಥೆ ನಿಲ್ಲಿಸಿದ್ದೀರಿ. ಯುದ್ಧ ಮುಗಿದ ಮೇಲೆ ಜರ್ಮನಿಯ ವಿದೇಶಾಂಗ ಕಚೇರಿ ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಮರ ಕೊಯ್ಯುವ ಯಂತ್ರ ಮಾರಿ ಹೊಟ್ಟೆ ಹೊರೆದ. 1971ರಲ್ಲಿ ತೀರಿಕೊಂಡ. ಅದೇ ಕಚೇರಿ ತನ್ನ ಒಂದು ಸಭಾಂಗಣಕ್ಕೆ ಅವನ ಹೆಸರಿಟ್ಟದ್ದು 2004ರಲ್ಲಿ. ಆ ಯಂತ್ರ ಮಾರಲು ಯಾರದೋ ಬಾಗಿಲಲ್ಲಿ ನಿಂತ ಕೋಲ್ಬೆಯಿಂದ ಶುರು ಮಾಡಿ ನೋಡಿ.

ಎಳ್ಳಮವಾಸ್ಯೆಯೊಳಗೆ ತಿದ್ದಿ ಕಳಿಸಿ. ನಿಮಗಾಗಿ ನಾಲ್ಕು ಪುಟ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ