ಅಳೆದದ್ದು ಒಂದು ಗೆರೆ, ಲೆಕ್ಕ ಹಾಕಿದ್ದು ಉಳಿದೆಲ್ಲ

ಪ್ರಶ್ನೆ: ವಿಮಾನವಾಗಲಿ ಉಪಗ್ರಹವಾಗಲಿ ಇಲ್ಲದ ಕಾಲದಲ್ಲಿ ಬ್ರಿಟಿಷರು ಭಾರತದ ನಕ್ಷೆಯನ್ನು ಅಷ್ಟು ಕರಾರುವಾಕ್ಕಾಗಿ ಹೇಗೆ ತಯಾರಿಸಿದರು? ಬೆಟ್ಟ, ಕಾಡು, ಹೊಳೆಗಳನ್ನೆಲ್ಲ ಸರಪಳಿ ಹಿಡಿದು ಅಳೆದರೇ?

ಉತ್ತರ: ಇಲ್ಲ. ಸರಪಳಿ ಹಿಡಿದದ್ದು ಕೆಲವೇ ಕಡೆ. ತ್ರಿಕೋನದ ಒಂದು ಬಾಹುವಿನ ಉದ್ದವೂ ಕೋನಗಳೂ ತಿಳಿದರೆ ಉಳಿದೆರಡು ಬಾಹುಗಳನ್ನು ಲೆಕ್ಕದಿಂದಲೇ ಪಡೆಯಬಹುದೆಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ; ಹೀಗೆ ಸಿಕ್ಕ ಬಾಹುವಿನ ಮೇಲೆ ಮತ್ತೊಂದು ತ್ರಿಕೋನವನ್ನು ಕಟ್ಟುತ್ತ ಹೋದರೆ ನಡುವಿನ ಹೊಳೆಯನ್ನಾಗಲಿ ಕಾಡನ್ನಾಗಲಿ ದಾಟಿ ಅಳೆಯಬೇಕಾಗಿಲ್ಲ, ಒಂದು ಬೆಟ್ಟದ ತುದಿಯಿಂದ ಇನ್ನೊಂದು ಕಂಡರೆ ಸಾಕು.

ಆದರೆ ಮೊದಲ ಗೆರೆ ತಪ್ಪಿದರೆ ಎಲ್ಲವೂ ತಪ್ಪಿತು. ಆದ್ದರಿಂದಲೇ ಈ ತ್ರಿಕೋನ ಸರ್ವೆಯನ್ನು ಆರಂಭಿಸಿದ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು ಅಳೆಯಲು ಆರು ವಾರದಷ್ಟು ಕಾಲ ತೆಗೆದುಕೊಂಡ. ನೂರು ಅಡಿಯ ಉಕ್ಕಿನ ಸರಪಳಿಯನ್ನು ನೆಲದ ಮೇಲೆ ಎಳೆಯದೆ, ಕಾಲುಗಳ ಮೇಲೆ ನಿಲ್ಲಿಸಿದ ಮರದ ತೊಟ್ಟಿಗಳಲ್ಲಿ ಮಟ್ಟವಾಗಿ ಹಾಸಿ, ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಪ್ರತಿ ಸಲವೂ ಉಷ್ಣಮಾಪಕವನ್ನು ನೋಡಿ ಬರೆದುಕೊಳ್ಳುತ್ತಿದ್ದರು. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ಅಳೆದು ತಾಳೆ ನೋಡಿದಾಗ, ಮದ್ರಾಸಿನಿಂದ ತ್ರಿಕೋನಗಳ ಮೂಲಕ ಬಂದ ಲೆಕ್ಕಕ್ಕೂ ಅದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ! ಈ ತಾಳೆ ನೋಡುವ ಹಟವೇ ಆ ಸರ್ವೆಯ ನಿಜವಾದ ಹಿರಿಮೆ ಎಂದು ನನಗನ್ನಿಸುತ್ತದೆ.

ಕೋನಗಳನ್ನು ಅಳೆಯುತ್ತಿದ್ದ ಥಿಯೋಡಲೈಟ್ ಯಂತ್ರದ ತೂಕ ಅರ್ಧ ಟನ್ನಿನಷ್ಟು. ಬೆಟ್ಟವಿಲ್ಲದ ಬಯಲುಸೀಮೆಯಲ್ಲಿ ಅದನ್ನು ದೇವಾಲಯದ ಗೋಪುರಕ್ಕೇ ಏರಿಸಬೇಕಾಗುತ್ತಿತ್ತು. 1808ರಲ್ಲಿ ತಂಜಾವೂರಿನ ದೊಡ್ಡ ದೇಗುಲದಲ್ಲಿ ಹೀಗೆ ಏರಿಸುವಾಗ ಹಗ್ಗ ಹರಿದು, ಯಂತ್ರ ಗೋಡೆಗೆ ಬಡಿದು, ಕೋನದ ಗುರುತುಗಳಿದ್ದ ಅದರ ವೃತ್ತವೇ ಸೊಟ್ಟಗಾಯಿತು. ಲ್ಯಾಂಬ್ಟನ್ ವಾರಗಟ್ಟಲೆ ಕುಳಿತು, ಅದನ್ನು ಎಳೆದೆಳೆದು ತನ್ನ ಕೈಯಿಂದಲೇ ಮತ್ತೆ ದುಂಡಗೆ ಮಾಡಿದ.

ಇಷ್ಟಾದರೂ ತ್ರಿಕೋನಗಳು ಕೊಡುವುದು ನಕ್ಷೆಯ ಅಸ್ಥಿಪಂಜರವನ್ನು ಮಾತ್ರ. ಊರು, ಕೆರೆ, ದಾರಿಗಳು ಅದರಲ್ಲಿ ಇರುವುದಿಲ್ಲ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯಲ್ಲಿ ಆ ಕೆಲಸಕ್ಕಿಳಿದವನು ಈಸ್ಟ್ ಇಂಡಿಯಾ ಕಂಪನಿಯ ಸರ್ವೆ ಅಧಿಕಾರಿ ಕಾಲಿನ್ ಮೆಕೆಂಜಿ. ಸ್ಥಳೀಯರ ನೆರವಿಲ್ಲದೆ ಅದು ಸಾಗುವಂತಿರಲಿಲ್ಲ: ತೆಲುಗು ವಿದ್ವಾಂಸರಾದ ಕಾವಲಿ ಸಹೋದರರು, ಜೈನ ಪಂಡಿತ ಧರ್ಮಯ್ಯ ಮೊದಲಾದವರು ಅವನಿಗಾಗಿ ಶಾಸನ, ಕೈಫಿಯತ್ತು (ಊರೂರಿನ ಸ್ಥಳೀಯ ಇತಿಹಾಸದ ಬರಹ), ಹಸ್ತಪ್ರತಿಗಳನ್ನು ಕಲೆಹಾಕಿ, ಓದಿ, ಅರ್ಥ ಹೇಳಿದರು. ಕಂಪನಿಗೆ ಮುಖ್ಯವಾಗಿ ಬೇಕಿದ್ದದ್ದು ಸೇನೆಯ ದಾರಿ ಮತ್ತು ಕಂದಾಯದ ಲೆಕ್ಕ. ಆದರೆ ನಮ್ಮ ಇತಿಹಾಸಕಾರರು ಇಂದಿಗೂ ಹುಡುಕಿಕೊಂಡು ಹೋಗುವುದು ಆ ಕೈಫಿಯತ್ತುಗಳನ್ನು.